ಕೌಂಟರಿನಲ್ಲಿ ಅಚ್ಚುಕಟ್ಟು, ಮಹಾಸಭೆಯಲ್ಲಿ ಅವಸರ: ನಮ್ಮೂರಿನ ಪತ್ತಿನ ಸಹಕಾರ ಸಂಘದ ಸೇವೆ ಹೇಗಿದೆ?

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘದಲ್ಲಿ ನಾನು ಬಹಳ ವರ್ಷಗಳಿಂದ ಷೇರುದಾರ ಸದಸ್ಯ. ಉಳಿತಾಯ ಖಾತೆ, ನಿಶ್ಚಿತ ಠೇವಣಿ, ಚಿನ್ನಾಭರಣ ಸಾಲ, ಜಾಮೀನು ಸಾಲ ಇವೆಲ್ಲವನ್ನೂ ಅಲ್ಲಿ ಬಳಸಿದ್ದೇನೆ. ಬೇರೆಯವರ ಸಾಲಕ್ಕೆ ಜಾಮೀನೂ ಹಾಕಿದ್ದೇನೆ. ಹೊಸದಾಗಿ ಸದಸ್ಯತ್ವ ಪಡೆಯಬೇಕೆಂದಿರುವ ಪರಿಚಿತರು ಸಂಘ ಹೇಗಿದೆ ಎಂದು ವಿಚಾರಿಸುತ್ತಿರುವುದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಂಘದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳು ಅದೊಂದಕ್ಕೇ ಸೇರಿದವಲ್ಲ, ಮತ್ತು ದೋಷಗಳಲ್ಲಿ ದೊಡ್ಡ ಪಾಲು ಅಲ್ಲಿನ ಸಿಬ್ಬಂದಿಯದ್ದಲ್ಲ, ಸದಸ್ಯರದ್ದು.

ಮೊದಲು ದಿನನಿತ್ಯದ ಸೇವೆಯ ವಿಷಯ. ಕೌಂಟರಿನಲ್ಲಿ ಕೆಲಸ ಚುರುಕಾಗಿ ನಡೆಯುತ್ತದೆ. ಪಾಸ್‌ಬುಕ್ ಕೊಟ್ಟರೆ ಆಗಲೇ ನಮೂದಿಸಿ ಕೊಡುತ್ತಾರೆ, ಚಲನ್ ತುಂಬಲು ಬಾರದವರಿಗೆ ಗುಮಾಸ್ತರೇ ತುಂಬಿಕೊಡುತ್ತಾರೆ, ವಯಸ್ಸಾದವರನ್ನು ಸಾಲಿನಲ್ಲಿ ನಿಲ್ಲಿಸದೆ ಒಳಗೆ ಕೂರಿಸುತ್ತಾರೆ. ಚಿನ್ನದ ಸಾಲವಂತೂ ಮೆಚ್ಚುವಂತಿದೆ: ಸಂಘದ ಅಕ್ಕಸಾಲಿಗರು ಒಡವೆಯನ್ನು ನಮ್ಮ ಕಣ್ಣೆದುರಿಗೇ ಒರೆಗೆ ಹಚ್ಚಿ, ತೂಗಿ, ಕಲ್ಲಿನ ತೂಕ ಕಳೆದು ಚೀಟಿಯಲ್ಲಿ ಬರೆಯುತ್ತಾರೆ, ಚೀಲಕ್ಕೆ ಅರಗು ಹಾಕಿ ಮೊಹರು ಒತ್ತುವಾಗ ನಮ್ಮ ಸಹಿಯನ್ನೂ ಪಡೆಯುತ್ತಾರೆ. ಶಾಲಾ ಶುಲ್ಕದ ತಿಂಗಳಲ್ಲಿ ಇಂಥ ಸಾಲ ಒಂದೇ ಗಂಟೆಯೊಳಗೆ ಕೈಗೆ ಸಿಗುವುದು ಸಣ್ಣ ಅನುಕೂಲವಲ್ಲ.

ಪಿಗ್ಮಿ ಠೇವಣಿಯೂ ಚೆನ್ನಾಗಿ ನಡೆಯುತ್ತಿದೆ. ಪಿಗ್ಮಿಯನ್ನು 1928ರಲ್ಲಿ ಆರಂಭಿಸಿದ್ದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಹಿರಿಯರು. ದಿನಕ್ಕೆ ಎರಡಾಣೆಯಷ್ಟನ್ನು ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುತ್ತಿದ್ದ ಆ ಪದ್ಧತಿಯನ್ನು ಇಂದು ಬ್ಯಾಂಕುಗಳಿಗಿಂತ ಹೆಚ್ಚಾಗಿ ನಮ್ಮಂಥ ಸಂಘಗಳೇ ಉಳಿಸಿಕೊಂಡು ಬಂದಿವೆ. ಹೂವಿನವರು, ತಳ್ಳುಗಾಡಿಯವರು, ಪಂಕ್ಚರ್ ಅಂಗಡಿಯವರು ದಿನದ ವ್ಯಾಪಾರ ಮುಗಿಸುವ ಹೊತ್ತಿಗೆ ಸಂಗ್ರಾಹಕರು ಬಂದು ಹಣ ಪಡೆದು ಸಣ್ಣ ಯಂತ್ರದಿಂದ ರಸೀದಿ ಕೊಡುತ್ತಾರೆ.

ಕೊರತೆಗಳೂ ಇವೆ. ಎಟಿಎಂ ಇಲ್ಲ, ಮೊಬೈಲ್ ಪಾವತಿಯ ಸೌಲಭ್ಯ ಅರೆಬರೆ, ಜಾಮೀನು ಸಾಲದ ಬಡ್ಡಿ ರಾಷ್ಟ್ರೀಕೃತ ಬ್ಯಾಂಕುಗಳಿಗಿಂತ ಹೆಚ್ಚು. ಠೇವಣಿಯ ಬಡ್ಡಿಯೂ ಅವಕ್ಕಿಂತ ಹೆಚ್ಚಿರುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಠೇವಣಿದಾರರಿಗೆ ಕೊಡುವ ಹೆಚ್ಚಿನ ಬಡ್ಡಿಯನ್ನು ಸಾಲಗಾರರಿಂದಲೇ ವಸೂಲು ಮಾಡಬೇಕಾಗುತ್ತದೆ.

ಹೆಚ್ಚಿನ ವಿಮರ್ಶೆಗಳು ಇಲ್ಲಿಗೆ ನಿಲ್ಲುತ್ತವೆ. ಹೋಟೆಲಾಗಿದ್ದರೆ ಅಷ್ಟು ಸಾಕಿತ್ತು. ಆದರೆ ಪತ್ತಿನ ಸಂಘದಲ್ಲಿ ಹಣ ಇಡುವವರು ತಿಳಿದಿರಲೇಬೇಕಾದ ಸಂಗತಿಯೊಂದು ಕೌಂಟರಿನ ಆಚೆಗಿದೆ. ಬ್ಯಾಂಕುಗಳಲ್ಲಿ, ಪಟ್ಟಣ ಸಹಕಾರ ಬ್ಯಾಂಕುಗಳನ್ನೂ ಸೇರಿಸಿ, ಪ್ರತಿ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯ ರಕ್ಷಣೆ ಇದೆ. 2020ರ ಫೆಬ್ರವರಿಗೆ ಮೊದಲು ಆ ಮಿತಿ 1 ಲಕ್ಷವಿತ್ತು. ಪತ್ತಿನ ಸಹಕಾರ ಸಂಘಗಳು ಬ್ಯಾಂಕುಗಳಲ್ಲದ ಕಾರಣ ಈ ವಿಮೆ ಅವಕ್ಕೆ ಅನ್ವಯಿಸುವುದಿಲ್ಲ, ರಿಸರ್ವ್ ಬ್ಯಾಂಕಿನ ನೇರ ಮೇಲ್ವಿಚಾರಣೆಯೂ ಇರುವುದಿಲ್ಲ. ವಿಮೆ ಮತ್ತು ಮೇಲ್ವಿಚಾರಣೆ ಎರಡೂ ಇದ್ದ ಕಡೆಯೇ ಏನಾಯಿತೆಂಬುದನ್ನು ಬೆಂಗಳೂರಿನವರು ಮರೆತಿರಲಾರರು: 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಪ್ರತಿ ಠೇವಣಿದಾರರು ಹಿಂಪಡೆಯಬಹುದಾದ ಮೊತ್ತವನ್ನು 35,000 ರೂಪಾಯಿಗೆ ಸೀಮಿತಗೊಳಿಸಿದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯ ನಾಗರಿಕರು ಬೀದಿಯಲ್ಲಿ ನಿಲ್ಲಬೇಕಾಯಿತು. ಸಭೆ ಸೇರುವ, ಪ್ರಶ್ನೆ ಕೇಳುವ, ಲೆಕ್ಕಪತ್ರ ಓದುವ ಕೆಲಸಗಳು ಆಗ ಆರಂಭವಾದವು. ಅವು ಮೊದಲೇ ಆಗಿದ್ದರೆ ಅನಾಹುತ ತಪ್ಪುತ್ತಿತ್ತೆಂದು ಖಂಡಿತವಾಗಿ ಹೇಳಲಾಗದು. ಆದರೆ ವಿಮೆಯೂ ಇಲ್ಲದ ಸಂಘದಲ್ಲಿ ಸದಸ್ಯರ ಕಣ್ಗಾವಲನ್ನು ಬಿಟ್ಟರೆ ನಮ್ಮ ಹಣಕ್ಕೆ ಇರುವ ಕಾವಲು ವರ್ಷಕ್ಕೊಮ್ಮೆಯ ಲೆಕ್ಕಪರಿಶೋಧನೆ ಮತ್ತು ಸಹಕಾರ ಇಲಾಖೆಯ ತಪಾಸಣೆ ಮಾತ್ರ.

ಹೀಗಾಗಿ ಇಂಥ ಸಂಘದ ಸೇವೆಯಲ್ಲಿ ಅರ್ಧವನ್ನು ಸಿಬ್ಬಂದಿ ಒದಗಿಸುತ್ತಾರೆ, ಉಳಿದರ್ಧವನ್ನು ಸದಸ್ಯರೇ ಒದಗಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕಾನೂನಿನ ಏರ್ಪಾಡೂ ಹಾಗೆಯೇ ಇದೆ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರ ಪತ್ತಿನ ಸಂಘ ಹುಟ್ಟಿದ್ದು, ಲೇವಾದೇವಿಗಾರರ ಬಡ್ಡಿಯಿಂದ ಪಾರಾಗಲು ಊರಿನವರೇ ಊರಿನವರ ಹಣವನ್ನು ನೋಡಿಕೊಳ್ಳಬೇಕೆಂಬ ಉದ್ದೇಶದಿಂದ. ಸಾಲ ಯಾರಿಗೆ, ಎಷ್ಟು, ಯಾವ ಭರವಸೆಯ ಮೇಲೆ ಎಂಬುದನ್ನು ಪರಸ್ಪರ ಬಲ್ಲವರೇ ತೀರ್ಮಾನಿಸುವುದು ಆ ವ್ಯವಸ್ಥೆಯ ಜೀವಾಳ. ಇಂದಿನ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯೂ ಸಂಘದ ಪರಮಾಧಿಕಾರವನ್ನು ಸರ್ವಸದಸ್ಯರ ಸಭೆಗೆ ಕೊಟ್ಟಿದೆ. ಒಂದು ಷೇರು ಇರಲಿ, ನೂರು ಷೇರು ಇರಲಿ, ಒಬ್ಬ ಸದಸ್ಯರಿಗೆ ಒಂದೇ ಮತ. ಕಂಪನಿಯ ಷೇರುದಾರರಿಗೆ ಈ ಭಾಗ್ಯವಿಲ್ಲ. ಅಲ್ಲಿ ಹಣವಿದ್ದವರ ಮಾತೇ ತೂಕ. ಸಂವಿಧಾನದ 97ನೇ ತಿದ್ದುಪಡಿಯ ಮೂಲಕ ಸೇರಿದ 43-ಬಿ ವಿಧಿಯು ಸಹಕಾರ ಸಂಘಗಳ ಪ್ರಜಾಸತ್ತಾತ್ಮಕ ನಿಯಂತ್ರಣವನ್ನು ಉತ್ತೇಜಿಸುವಂತೆ ಸರ್ಕಾರಗಳಿಗೆ ನಿರ್ದೇಶಿಸುತ್ತದೆ. ಅದೇ ತಿದ್ದುಪಡಿಯ ಬೇರೊಂದು ಭಾಗವನ್ನು ರಾಜ್ಯಗಳ ಸಂಘಗಳ ಮಟ್ಟಿಗೆ ಸುಪ್ರೀಂ ಕೋರ್ಟ್ 2021ರಲ್ಲಿ ರದ್ದುಪಡಿಸಿದರೂ ಈ ವಿಧಿಗೆ ಧಕ್ಕೆಯಾಗಲಿಲ್ಲ.

ಕಾಗದದ ಮೇಲಿನ ಈ ಪರಮಾಧಿಕಾರ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಕಲ್ಯಾಣ ಮಂಟಪದಲ್ಲಿ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸಭೆಯ ತಿಳುವಳಿಕೆ ಪತ್ರದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಎಂದಿರುತ್ತದೆ. ಹನ್ನೊಂದಕ್ಕೆ ಕೋರಂ, ಎಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ, ಇರುವುದಿಲ್ಲ. ನಮ್ಮ ಸಂಘದ ಉಪವಿಧಿಯ (ಸಂಘದ ಒಳನಿಯಮಗಳ) ಪ್ರಕಾರ ಸಭೆಯನ್ನು ಮುಂದೂಡಿ, ಅದೇ ಸ್ಥಳದಲ್ಲಿ ಸ್ವಲ್ಪ ಹೊತ್ತಿನ ನಂತರ ಮತ್ತೆ ಸೇರಿದರೆ ಆಗ ಕೋರಂನ ಅಗತ್ಯವಿಲ್ಲ. ಹಾಗೆಂದು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಬಾಗಿಲ ಬಳಿ ಹಾಜರಾತಿ ಪುಸ್ತಕ. ಅದಕ್ಕೆ ಸಹಿ ಹಾಕಿದವರಿಗೆ ಊಟದ ಚೀಟಿ ಮತ್ತು ಉಡುಗೊರೆಯ ಚೀಟಿ. ಒಂದು ವರ್ಷ ಸ್ಟೀಲ್ ಡಬ್ಬಿ, ಮತ್ತೊಂದು ವರ್ಷ ಕೈಚೀಲ. ಸಹಿ ಹಾಕಿದ ಅರ್ಧ ಜನ ಡಬ್ಬಿ ಹಿಡಿದು ಹೊರಗೆ ನಿಂತಿರುತ್ತಾರೆ, ಉಳಿದವರು ಒಳಗೆ ಕುರ್ಚಿಗಳಲ್ಲಿ. ಪ್ರಾರ್ಥನೆ, ಸ್ವಾಗತ, ಗಣ್ಯರಿಗೆ ಹಾರ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದ ಸದಸ್ಯರ ಮಕ್ಕಳಿಗೆ ಪುರಸ್ಕಾರ ಇವೆಲ್ಲ ಮುಗಿಯುವ ವೇಳೆಗೆ ಪಕ್ಕದ ಊಟದ ಮನೆಯಿಂದ ಒಗ್ಗರಣೆಯ ವಾಸನೆ ಬರತೊಡಗುತ್ತದೆ. ಮಕ್ಕಳ ಪುರಸ್ಕಾರದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಕಾರ್ಯಸೂಚಿಯ ಕೊನೆಗೆ ಇಟ್ಟರೆ ತಂದೆತಾಯಿಯರಾದರೂ ಲೆಕ್ಕಪತ್ರ ಮುಗಿಯುವವರೆಗೆ ಕೂತಿರುತ್ತಿದ್ದರು ಎಂಬುದಷ್ಟೇ ನನ್ನ ಸಲಹೆ.

ನಂತರ ಕಾರ್ಯದರ್ಶಿಗಳು ಓದಲು ನಿಲ್ಲುತ್ತಾರೆ. ಹಿಂದಿನ ಸಭೆಯ ನಡವಳಿ, ಆಡಳಿತ ಮಂಡಳಿಯ ವರದಿ, ಜಮಾ ಖರ್ಚು, ಲಾಭ ನಷ್ಟದ ತಖ್ತೆ, ಆಸ್ತಿ ಜವಾಬ್ದಾರಿ ತಖ್ತೆ, ಲೆಕ್ಕಪರಿಶೋಧನಾ ವರದಿ, ಬಜೆಟ್, ಲಾಭ ವಿಲೇವಾರಿ, ಮುಂದಿನ ವರ್ಷಕ್ಕೆ ಲೆಕ್ಕಪರಿಶೋಧಕರ ನೇಮಕ, ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು. ಪ್ರತಿಯೊಂದಕ್ಕೂ ಮುಂದಿನ ಸಾಲಿನವರು ಯಾರೋ ಒಬ್ಬರು ಸೂಚಕರು, ಮತ್ತೊಬ್ಬರು ಅನುಮೋದಕರು. ಮಿಕ್ಕವರು ಕೈ ಎತ್ತಿ ‘ಪಾಸ್, ಪಾಸ್’ ಎನ್ನುತ್ತಾರೆ. ಈ ಪೈಕಿ ಲೆಕ್ಕಪರಿಶೋಧಕರ ನೇಮಕ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಆಡಳಿತ ಮಂಡಳಿಯ ಲೆಕ್ಕವನ್ನು ಪರಿಶೀಲಿಸುವವರನ್ನು ಇಲಾಖೆಯ ಪಟ್ಟಿಯಿಂದ ಆರಿಸುವ ಹಕ್ಕು ಕಾಯ್ದೆಯ ಪ್ರಕಾರ ಸಭೆಗೆ ಸೇರಿದ್ದು; ಆದರೆ ಪಟ್ಟಿಯಲ್ಲಿ ಬೇರೆ ಯಾರ ಹೆಸರಿದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಲಾಭಾಂಶ ಎಷ್ಟು ಎಂಬ ವಿಷಯ ಬಂದಾಗ ಮಾತ್ರ ಸಭೆಗೆ ಜೀವ ಬರುತ್ತದೆ. ಒಂದು ಪರ್ಸೆಂಟ್ ಹೆಚ್ಚು ಕೊಡಿ ಎಂದು ಹಿಂದಿನಿಂದ ಕೂಗು, ಅಧ್ಯಕ್ಷರಿಂದ ನಗುತ್ತಾ ಭರವಸೆ, ಚಪ್ಪಾಳೆ.

ಇಂಥದ್ದೇ ಒಂದು ಸಭೆಯಲ್ಲಿ, ಖಜಾನೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ವರದಿಯ ಪುಸ್ತಕವನ್ನು ಮಡಿಸಿ ಹಿಡಿದು ಎದ್ದು ನಿಂತರು. ‘ಅಧ್ಯಕ್ಷರೇ, ಲಾಭ ಜಾಸ್ತಿ ಬಂದಿದೆ, ಸಂತೋಷ. ಇದರಲ್ಲಿ ಕೈಗೆ ಬಂದ ಬಡ್ಡಿ ಎಷ್ಟು, ಬರಬೇಕಾದ ಬಡ್ಡಿ ಎಷ್ಟು, ಬಿಡಿಸಿ ಹೇಳಬೇಕು’ ಎಂದರು. ‘ಎಲ್ಲ ಆಡಿಟ್ ಆಗಿದೆ ಮೇಷ್ಟ್ರೇ, ಎ ಗ್ರೇಡ್ ಬಂದಿದೆ’ ಎಂದು ವೇದಿಕೆಯಿಂದ ಉತ್ತರ ಬಂತು. ಅವರು ಮೇಷ್ಟರಲ್ಲ, ಆದರೆ ನಮ್ಮ ಕಡೆ ಪ್ರಶ್ನೆ ಕೇಳುವ ಹಿರಿಯರೆಲ್ಲ ಮೇಷ್ಟ್ರೇ. ಹಿರಿಯರು ಕೂರಲಿಲ್ಲ. ಕೊನೆಗೆ ಕಾರ್ಯದರ್ಶಿಗಳು ಪುಟ ತಿರುಗಿಸಿ ಅಂಕಿಗಳನ್ನು ಓದಿದಾಗ, ಆ ವರ್ಷ ಹೆಚ್ಚಾಗಿ ಕಂಡ ಲಾಭದಲ್ಲಿ ದೊಡ್ಡ ಭಾಗ ಸುಸ್ತಿಯಾದ, ಎಂದರೆ ಗಡುವು ಮೀರಿದರೂ ತೀರದ, ಸಾಲಗಳ ಮೇಲೆ ಲೆಕ್ಕಕ್ಕೆ ಹಿಡಿದ, ಆದರೆ ಇನ್ನೂ ವಸೂಲಾಗದ ಬಡ್ಡಿ ಎಂಬುದು ಹೊರಬಿತ್ತು. ಅದು ಬಾರದೇ ಹೋದರೆ ಎಂದು ಮುನ್ನೆಚ್ಚರಿಕೆಯಾಗಿ ತೆಗೆದಿಡಬೇಕಾದ ಮೊತ್ತವೂ ಕಡಿಮೆಯಿತ್ತು. ಸುಳ್ಳು ಲೆಕ್ಕವೇನಲ್ಲ, ಎಲ್ಲವೂ ಪುಸ್ತಕದಲ್ಲಿ ಅಚ್ಚಾಗಿಯೇ ಇತ್ತು. ಓದಿದವರು ಒಬ್ಬರೇ ಇದ್ದರು. ಆ ದಿನ ಲಾಭಾಂಶವನ್ನು ಹೆಚ್ಚಿಸದೆ, ಉಳಿದ ಮೊತ್ತವನ್ನು ಸುಸ್ತಿ ಸಾಲದ ನಿಧಿಗೆ ವರ್ಗಾಯಿಸಲು ಸಭೆ ತೀರ್ಮಾನಿಸಿತು. ಊಟಕ್ಕೆ ತಡವಾಯಿತೆಂದು ಗೊಣಗಿದವರೂ ಇದ್ದರು.

ಆ ನಿರ್ಧಾರದ ಫಲವನ್ನು ನಾನು ಸದಸ್ಯನಾಗಿ ನೋಡಿದ್ದೇನೆ. ನಂತರದ ವರ್ಷಗಳಲ್ಲಿ ವಸೂಲಾತಿ ಬಿಗಿಯಾಯಿತು. ವಾರ್ಷಿಕ ವರದಿಯಲ್ಲಿ ಸುಸ್ತಿ ಸಾಲದ ಅವಧಿವಾರು ಪಟ್ಟಿ ಪ್ರತ್ಯೇಕವಾಗಿ ಬರತೊಡಗಿತು. ಪಿಗ್ಮಿಯ ಬಗ್ಗೆ ಮೇಲೆ ಹೊಗಳಿದೆನಲ್ಲ, ಆ ರಸೀದಿಯ ಯಂತ್ರವೂ ಮೊಬೈಲಿಗೆ ಬರುವ ಸಂದೇಶವೂ ಆಡಳಿತ ಮಂಡಳಿಯ ಮುಂದಾಲೋಚನೆಯಿಂದ ಬಂದವಲ್ಲ. ಸಂಗ್ರಾಹಕರು ಹಣ ಪಡೆದು ಕಾರ್ಡಿನಲ್ಲಿ ಪೆನ್ಸಿಲಿನಿಂದ ಬರೆದುಕೊಡುತ್ತಿದ್ದ ಕಾಲದಲ್ಲಿ, ಬಳೆ ಅಂಗಡಿ ನಡೆಸುವ ಸದಸ್ಯೆಯೊಬ್ಬರು ಮಹಾಸಭೆಯಲ್ಲಿ ತಮ್ಮ ಕಾರ್ಡನ್ನೂ ಸಂಘದ ಲೆಡ್ಜರನ್ನೂ ಅಕ್ಕಪಕ್ಕ ಇಟ್ಟು ನೋಡಿ ಎಂದು ಹಟ ಹಿಡಿದರು. ಎರಡಕ್ಕೂ ತಾಳೆಯಾಗಲಿಲ್ಲ. ವ್ಯತ್ಯಾಸ ದೊಡ್ಡದಿರಲಿಲ್ಲ, ಆದರೆ ಸಭೆ ಅದನ್ನು ನಡವಳಿಯಲ್ಲಿ ದಾಖಲಿಸುವಂತೆ ಮಾಡಿತು. ನಡವಳಿಯಲ್ಲಿ ಒಮ್ಮೆ ಬರೆದ ವಿಷಯಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಕೊಡಲೇಬೇಕಾಗುತ್ತದೆ. ಕೌಂಟರಿನಲ್ಲಿ ಸಿಟ್ಟಿನಿಂದ ಹೇಳಿದ ದೂರು ಅಲ್ಲಿನ ಗುಮಾಸ್ತರ ಕಿವಿಗೆ ಬಿದ್ದು ಮುಗಿಯುತ್ತದೆ, ನಡವಳಿಯಲ್ಲಿ ಬರೆಸಿದ್ದು ಲೆಕ್ಕಪರಿಶೋಧಕರ ಕಣ್ಣಿಗೂ ಬೀಳುತ್ತದೆ. ಸದಸ್ಯರು ಕಲಿಯಬೇಕಾದ ಮೊದಲ ವಿದ್ಯೆ ಇದೇ ಎಂದು ನಾನು ತಿಳಿದಿದ್ದೇನೆ.

ಸಂಘವು ಸ್ವಂತ ಕಟ್ಟಡಕ್ಕಾಗಿ ಬೈಪಾಸ್ ಬಳಿ ನಿವೇಶನ ಕೊಳ್ಳುವ ಪ್ರಸ್ತಾವವನ್ನು ‘ಇತರೆ ವಿಷಯ’ಗಳ ಅಡಿಯಲ್ಲಿ ತಂದಾಗಲೂ ಸಭೆ ಹೀಗೆಯೇ ಎಚ್ಚರದಿಂದಿತ್ತು. ಇಷ್ಟು ದೊಡ್ಡ ಮೊತ್ತದ ವಿಷಯ ಕಾರ್ಯಸೂಚಿಯಲ್ಲಿ ಏಕಿಲ್ಲ, ಪಿಗ್ಮಿ ಕಟ್ಟುವವರು ಪೇಟೆ ಬಿಟ್ಟು ಬೈಪಾಸಿಗೆ ಬರುತ್ತಾರೆಯೇ ಎಂದು ಕೆಲವರು ಕೇಳಿದರು. ಪ್ರಸ್ತಾವವನ್ನು ಮುಂದೂಡಲಾಯಿತು. ಕೌಂಟರ್ ಇಂದಿಗೂ ಪೇಟೆ ಬೀದಿಯಲ್ಲೇ ಇರುವುದಕ್ಕೆ, ಸಂತೆಯ ದಿನ ಹಳ್ಳಿಯವರು ನಡೆದೇ ಬರಬಹುದಾಗಿರುವುದಕ್ಕೆ ಅಂದಿನ ಪ್ರಶ್ನೆಗಳೇ ಕಾರಣ.

ಇಷ್ಟೆಲ್ಲ ಆದರೂ ಹೆಚ್ಚಿನ ಸದಸ್ಯರು ಸಭೆಗೆ ಬರುವುದಿಲ್ಲ, ಬಂದರೂ ಮಾತನಾಡುವುದಿಲ್ಲ. ಅದಕ್ಕೆ ಕೊಡುವ ಕಾರಣಗಳಲ್ಲಿ ಕೆಲವು ನ್ಯಾಯವಾಗಿವೆ. ಸಾಲ ಪಡೆದವರಿಗೆ, ಇಂದು ಪ್ರಶ್ನೆ ಕೇಳಿದರೆ ನಾಳೆ ನವೀಕರಣಕ್ಕೆ ಹೋದಾಗ ನಿರ್ದೇಶಕರ ಮುಖ ನೋಡಬೇಕೆಂಬ ಅಳುಕು. ಜಾಮೀನು ಹಾಕಿದವರಿಗೂ ಅಷ್ಟೇ. ಊರು ಚಿಕ್ಕದು, ನಿರ್ದೇಶಕರು ಒಬ್ಬರಿಗೆ ಭಾವ, ಇನ್ನೊಬ್ಬರಿಗೆ ಅಂಗಡಿಯ ಮಾಲೀಕರು. ಈ ಅಳುಕು ಇಲ್ಲದವರು, ಎಂದರೆ ಬರಿಯ ಠೇವಣಿ ಇಟ್ಟವರು ಮತ್ತು ನಿವೃತ್ತರು, ಮೊದಲು ಮಾತನಾಡಬೇಕು. ನಷ್ಟವಾದರೆ ಹೆಚ್ಚು ಕಳೆದುಕೊಳ್ಳುವವರೂ ಅವರೇ.

ಚುನಾವಣೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸದಿರಬಹುದು. ಐದು ವರ್ಷಕ್ಕೊಮ್ಮೆ ಬರುವ ಆಡಳಿತ ಮಂಡಳಿಯ ಚುನಾವಣೆಯನ್ನು ಹಿರಿಯರೆಲ್ಲ ಕೂತು ‘ಅವಿರೋಧ’ ಮಾಡುವುದನ್ನು ನಮ್ಮೂರಿನಲ್ಲಿ ಸೌಹಾರ್ದದ ಗುರುತೆಂದು ಕೊಂಡಾಡುತ್ತಾರೆ, ಖರ್ಚು ಉಳಿಯಿತೆಂದು ಪತ್ರಿಕಾ ಹೇಳಿಕೆಯನ್ನೂ ಕೊಡುತ್ತಾರೆ. ಜಾತಿ, ಪಕ್ಷ, ಹೋಬಳಿ ಲೆಕ್ಕ ಹಾಕಿ ಸ್ಥಾನಗಳನ್ನು ಮೊದಲೇ ಹಂಚಿಕೊಂಡ ಮೇಲೆ ಸದಸ್ಯರಿಗೆ ಉಳಿಯುವುದು ಅಭಿನಂದನಾ ಸಮಾರಂಭದ ಆಹ್ವಾನ ಪತ್ರಿಕೆ ಮಾತ್ರ. ಅಭ್ಯರ್ಥಿಗಳು ಎದುರಿಗೆ ಬಂದು, ಸುಸ್ತಿ ಸಾಲವನ್ನು ಹೇಗೆ ವಸೂಲು ಮಾಡುತ್ತೀರಿ, ನಿಮ್ಮ ಮತ್ತು ನಿಮ್ಮ ಸಂಬಂಧಿಕರ ಸಾಲ ಎಷ್ಟಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವಂತಾದರೆ ಚುನಾವಣೆಯ ಖರ್ಚು ದಂಡವೆಂದು ನಾನು ಎಣಿಸುವುದಿಲ್ಲ. ಮಹಿಳೆಯರಿಗೆ ಮೀಸಲಾದ ಸ್ಥಾನಗಳಲ್ಲಿ ಆಯ್ಕೆಯಾದವರ ಬದಲು ಅವರ ಮನೆಯವರು ಮಂಡಳಿಯ ಸಭೆಗೆ ಬಂದು ಕೂರುವುದನ್ನೂ ಸದಸ್ಯರು ಸುಮ್ಮನೆ ನೋಡಬಾರದು.

ಮತ ಹಾಕುವ ಹಕ್ಕು ಷೇರು ಪಡೆದ ಮಾತ್ರಕ್ಕೆ ಸದಾ ಉಳಿಯುತ್ತದೆಂದು ತಿಳಿದವರು ಬಹಳ. ಹಿಂದಿನ ಐದು ವರ್ಷಗಳ ವಾರ್ಷಿಕ ಮಹಾಸಭೆಗಳಲ್ಲಿ ನಿಗದಿತ ಸಂಖ್ಯೆಯಷ್ಟಕ್ಕೆ ಹಾಜರಾಗದಿದ್ದರೆ, ಉಪವಿಧಿ ಹೇಳುವಷ್ಟು ಕನಿಷ್ಠ ವ್ಯವಹಾರ ಮಾಡದಿದ್ದರೆ, ಅಥವಾ ಸುಸ್ತಿದಾರರಾಗಿದ್ದರೆ ಹೆಸರು ಅನರ್ಹ ಮತದಾರರ ಪಟ್ಟಿಗೆ ಸೇರುತ್ತದೆ. ಚುನಾವಣೆಯ ಹೊತ್ತಿಗೆ ಸೂಚನಾ ಫಲಕದಲ್ಲಿ ತಮ್ಮ ಹೆಸರನ್ನು ಆ ಪಟ್ಟಿಯಲ್ಲಿ ಕಂಡು ಕಾರ್ಯದರ್ಶಿಗಳ ಮೇಲೆ ಹರಿಹಾಯುವವರನ್ನು ನೋಡಿದ್ದೇನೆ. ನಿಯಮ ಕಠಿಣವೆಂದು ವಾದಿಸಬಹುದು, ದೂರದ ಊರಿನಲ್ಲಿ ದುಡಿಯುವ ಸದಸ್ಯರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಊರಿನಲ್ಲೇ ಇದ್ದು ಐದು ವರ್ಷ ಸಭೆಯತ್ತ ತಲೆಹಾಕದವರಿಗೆ ಆ ವಾದ ಒಪ್ಪುವುದಿಲ್ಲ. ಇನ್ನು ಕೆಲವರಿಗೆ ಹಕ್ಕೇ ಇಲ್ಲ. ಪಿಗ್ಮಿ ಕಟ್ಟುವ ಹೂವಿನವರು, ತಳ್ಳುಗಾಡಿಯವರಲ್ಲಿ ಬಹುಪಾಲು ಜನ ನಾಮಮಾತ್ರ ಸದಸ್ಯರು. ಸಣ್ಣ ಶುಲ್ಕ ಕಟ್ಟಿಸಿಕೊಂಡು ಅವರನ್ನು ಹಾಗೆ ನೋಂದಾಯಿಸಲಾಗಿದೆ. ನಾಮಮಾತ್ರ ಸದಸ್ಯರಿಗೆ ಮತವಿಲ್ಲ, ಲಾಭಾಂಶವೂ ಇಲ್ಲ. ಸಂಘದ ದಿನನಿತ್ಯದ ನಗದು ಬರುವುದು ಅವರಿಂದ, ತೀರ್ಮಾನಗಳು ಆಗುವುದು ಅವರನ್ನು ಬಿಟ್ಟು. ಈ ಸಂಘದ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಇದು. ಅವರಿಗೆ ಪೂರ್ಣ ಸದಸ್ಯತ್ವದ ಅರ್ಜಿಯನ್ನು ಸಂಘವೇ ಮುಂದಾಗಿ ಕೊಡಬೇಕಿತ್ತು, ಕೊಡುತ್ತಿಲ್ಲ.

ಅಂಕ ಕೊಡುವುದಾದರೆ, ಕೌಂಟರಿನ ಸೇವೆಗೆ ಐದಕ್ಕೆ ನಾಲ್ಕೂವರೆ, ಸಾಲದ ಪಾರದರ್ಶಕತೆಗೆ ಮೂರೂವರೆ, ಸದಸ್ಯರ ಪಾಲ್ಗೊಳ್ಳುವಿಕೆಗೆ ಎರಡು. ಒಟ್ಟಿನಲ್ಲಿ ಸದಸ್ಯರಾಗಬಹುದಾದ ಸಂಘವೇ ಹೌದು. ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಕಡೆ ಇಡುವುದು ಬೇಡ. ವಿಮೆ ಇರುವ ಬ್ಯಾಂಕಿನಲ್ಲಿ ಒಂದು ಪಾಲು ಇರಲಿ. ಸೇರುವಾಗ ನಾಮಮಾತ್ರ ಸದಸ್ಯತ್ವಕ್ಕೆ ಒಪ್ಪದೆ ಷೇರು ಪಡೆದು ಪೂರ್ಣ ಸದಸ್ಯರಾಗಿ. ಉಪವಿಧಿಯ ಪ್ರತಿಯನ್ನು ಶುಲ್ಕ ಕಟ್ಟಿ ಕೇಳಿ ಪಡೆಯಿರಿ. ಮೊದಲ ಬಾರಿ ಕೇಳಿದಾಗ ‘ಅದೇಕೆ ಸಾರ್’ ಎನ್ನುತ್ತಾರೆ, ಎರಡನೆಯ ಬಾರಿ ಕೊಡುತ್ತಾರೆ. ಹಾಜರಾತಿ ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಒಳಗೆ ಬಂದು ಕುಳಿತುಕೊಳ್ಳಿ.

ವಾರ್ಷಿಕ ವರದಿಯ ಪುಸ್ತಕ ಈಗಲೂ ಸಭೆಯ ಬಾಗಿಲಲ್ಲೇ ಕೈಗೆ ಬರುತ್ತದೆ, ಓದಲು ಸಮಯವಿರುವುದಿಲ್ಲ. ಸಭೆಗೆ ಕನಿಷ್ಠ ಒಂದು ವಾರ ಮೊದಲು ಅದನ್ನು ಎಲ್ಲ ಸದಸ್ಯರಿಗೆ ವಾಟ್ಸ್ಆಪ್ ಮೂಲಕ ಕಳುಹಿಸಬೇಕು, ಕಚೇರಿಯಲ್ಲಿ ನೋಡಲು ಇಡಬೇಕು ಎಂದು ಹಿಂದಿನ ಮಹಾಸಭೆಯಲ್ಲಿ ನಾವು ಕೆಲವರು ಲಿಖಿತವಾಗಿ ಕೊಟ್ಟಿದ್ದೇವೆ. ಅಧ್ಯಕ್ಷರು ‘ಪರಿಶೀಲಿಸೋಣ’ ಎಂದಿದ್ದಾರೆ, ನಡವಳಿಯಲ್ಲಿ ಅದು ದಾಖಲಾಗಿದೆ. ಈ ಸೆಪ್ಟೆಂಬರಿನ ಕಾರ್ಯಸೂಚಿಯಲ್ಲಿ ಎರಡನೆಯ ವಿಷಯವಾಗಿ ಬರುವ ‘ಹಿಂದಿನ ಸಭೆಯ ನಡವಳಿಯ ಮೇಲೆ ಕೈಗೊಂಡ ಕ್ರಮ’ದ ಅಡಿಯಲ್ಲಿ ಉತ್ತರ ಕೇಳುವವರಿದ್ದೇವೆ.